ರಾಡ್ ಬೋಲ್ಟ್ ಬಿಗಿಯಲು ಟಾರ್ಕ್ ಸಾಕಾ, ಆ್ಯಂಗಲ್ ಬೇಕಾ, ಇಲ್ಲ ಹಿಗ್ಗು ಅಳೆಯಲೇಬೇಕಾ?

ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವುದು ಕನೆಕ್ಟಿಂಗ್ ರಾಡ್, ಅದರ ಕೆಳತುದಿಯ ಕ್ಯಾಪನ್ನು ಹಿಡಿದಿಡುವುದು ರಾಡ್ ಬೋಲ್ಟ್. ಅದನ್ನು ಬಿಗಿಯಲು ಬಳಕೆಯಲ್ಲಿರುವ ದಾರಿಗಳು ಮೂರು. ಟಾರ್ಕ್ ರೆಂಚಿನಲ್ಲಿ ಹೇಳಿದಷ್ಟು ಬಿಗಿದು ಬಿಡುವುದು ಒಂದು. ಸ್ವಲ್ಪ ಟಾರ್ಕ್ ಕೊಟ್ಟು, ಆಮೇಲೆ ಇಷ್ಟು ಡಿಗ್ರಿ ಅಂತ ತಿರುಗಿಸುವುದು ಇನ್ನೊಂದು. ಬೋಲ್ಟ್ ಎಷ್ಟು ಉದ್ದವಾಯಿತು ಅಂತ ಗೇಜ್ ಇಟ್ಟು ಅಳೆಯುತ್ತಾ ಬಿಗಿಯುವುದು ಮೂರನೆಯದು. ಮೂರರ ಗುರಿಯೂ ಒಂದೇ: ಬೋಲ್ಟಿನೊಳಗೆ ಸರಿಯಾದ ಎಳೆತ ಕೂರಬೇಕು. ಆ ಎಳೆತವನ್ನು ಯಾವ ದಾರಿ ಎಷ್ಟು ಹತ್ತಿರದಿಂದ ನೋಡುತ್ತದೆ ಅನ್ನುವುದರಲ್ಲೇ ವ್ಯತ್ಯಾಸ ಇರುವುದು. ನಿಮ್ಮ ಇಂಜಿನ್‌ಗೆ ಯಾವುದು ಸರಿ ಅನ್ನುವುದು ನಿಮ್ಮ ಕೈಯಲ್ಲಿರುವ ಬೋಲ್ಟ್ ಯಾವುದು, ಅದರ ಎರಡೂ ತುದಿ ಕೈಗೆ ಸಿಗುತ್ತಾ ಅನ್ನುವುದರ ಮೇಲೆ ನಿಂತಿದೆ.

ಮೊದಲು ಈ ಬೋಲ್ಟಿಗೆ ಪೆಟ್ಟು ಎಲ್ಲಿಂದ ಬೀಳುತ್ತದೆ ನೋಡೋಣ. ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿದು ಪಿಸ್ಟನ್ ಕೆಳಗೆ ತಳ್ಳುವಾಗ ಬೋಲ್ಟಿಗೆ ಹೊಡೆತ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆ ಹೊತ್ತಲ್ಲಿ ರಾಡ್ ಒತ್ತಡದಲ್ಲಿರುತ್ತದೆ, ಬೋಲ್ಟಿಗೆ ಹೆಚ್ಚಿನ ಕೆಲಸವೇ ಇಲ್ಲ. ನಿಜವಾದ ಕಷ್ಟ ಎಕ್ಸಾಸ್ಟ್ ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೇರಿ ಹೊಗೆಯನ್ನು ಹೊರಹಾಕುವ ಹಂತ, ಮುಗಿಯುವಾಗ. ಪಿಸ್ಟನ್ ಜೋರಾಗಿ ಮೇಲೆ ಹೋಗಿರುತ್ತದೆ, ವಾಲ್ವ್ ತೆರೆದಿರುತ್ತದೆ, ಮೇಲಿಂದ ತಡೆಯಲು ಗಾಳಿಯ ಒತ್ತಡವೂ ಇರುವುದಿಲ್ಲ. ಹೋಗುತ್ತಿರುವ ಪಿಸ್ಟನ್ನನ್ನು ನಿಲ್ಲಿಸಿ ಕೆಳಗೆಳೆಯುವ ಕೆಲಸ ಪೂರ್ತಿ ರಾಡ್ ಕ್ಯಾಪ್ ಮೇಲೆ, ಅಂದರೆ ಎರಡು ಬೋಲ್ಟ್‌ಗಳ ಮೇಲೆ ಬೀಳುತ್ತದೆ. ಈ ಎಳೆತ ಆರ್‌ಪಿಎಂನ, ಅಂದರೆ ನಿಮಿಷಕ್ಕೆ ತಿರುಗುವ ಸುತ್ತುಗಳ, ವರ್ಗಕ್ಕೆ ತಕ್ಕಂತೆ ಏರುತ್ತದೆ. 6000 ತಿರುಗುತ್ತಿದ್ದ ಇಂಜಿನ್ ಅನ್ನು 7500ಕ್ಕೆ ಏರಿಸಿದರೆ ವೇಗ ಏರಿದ್ದು ಶೇ. 25, ಬೋಲ್ಟ್ ಮೇಲಿನ ಎಳೆತ ಏರಿದ್ದು ಶೇ. 56. ಎಕ್ಸಾಸ್ಟ್ ಸ್ಟ್ರೋಕ್ ಬರುವುದು ಎರಡು ಸುತ್ತಿಗೊಮ್ಮೆ, ಹಾಗಾಗಿ ಅದೂ ನಿಮಿಷಕ್ಕೆ 3750 ಸಲ.

ಹೀಗಿದ್ದೂ ಒಳ್ಳೆಯ ಬೋಲ್ಟ್ ಯಾಕೆ ಮುರಿಯುವುದಿಲ್ಲ? ಬಿಗಿದ ಬೋಲ್ಟ್ ಎಳೆದು ಹಿಡಿದ ಸ್ಪ್ರಿಂಗ್ ಆಗಿರುತ್ತದೆ. ಅದರ ಹಿಡಿತ ಹೊರಗಿನ ಎಳೆತಕ್ಕಿಂತ ಜಾಸ್ತಿ ಇದ್ದರೆ ಕ್ಯಾಪ್ ರಾಡ್ ಬಿಟ್ಟು ಅಲುಗುವುದಿಲ್ಲ, ಬೋಲ್ಟಿಗೆ ಪ್ರತಿ ಸುತ್ತಿನ ಏರಿಳಿತ ಬಹಳ ಕಡಿಮೆ ತಾಗುತ್ತದೆ. ಹಿಡಿತ ಕಡಿಮೆ ಆದರೆ ಕ್ಯಾಪ್ ಒಂದು ಕೂದಲೆಳೆಯಷ್ಟು ಬಿಡುತ್ತದೆ, ಮುಚ್ಚುತ್ತದೆ, ಮತ್ತೆ ಬಿಡುತ್ತದೆ. ಆಗ ಬೋಲ್ಟ್ ದಣಿದು ಮುರಿಯುವುದು ಬರೀ ಹೊತ್ತಿನ ಮಾತು. ಮುರಿದ ರಾಡ್ ಬೋಲ್ಟ್ ನೋಡಿ 'ಜಾಸ್ತಿ ಟೈಟ್ ಆಗಿತ್ತು' ಅನ್ನುವವರು ಬಹಳ. ಸಾಕಷ್ಟು ಟೈಟ್ ಆಗದೆ ಹೋದದ್ದೂ ಅಷ್ಟೇ ಸಾಮಾನ್ಯ.

ಟಾರ್ಕ್ ರೆಂಚ್: ಎಲ್ಲರ ಹತ್ತಿರವೂ ಇದೆ, ಅದೇ ಅದರ ದೊಡ್ಡ ಗುಣ

ಟಾರ್ಕ್ ರೆಂಚ್ ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು. ಬೋಲ್ಟಿನ ಎಳೆತ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೀವು ಕೊಡುವ ಟಾರ್ಕ್‌ನಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ. ಇನ್ನೊಂದು ಶೇ. 40ರಷ್ಟು ಥ್ರೆಡ್‌ಗಳ ಉಜ್ಜಾಟಕ್ಕೆ. ಬೋಲ್ಟ್ ಎಳೆಯಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ತುಕ್ಕು ಹಿಡಿದ ನಲ್ಲಿಯನ್ನು ನೆನೆಸಿಕೊಳ್ಳಿ: ತಿರುಗಿಸಲು ಎರಡೂ ಕೈ ಬೇಕು, ಆದರೂ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಬಲ ಕೊಟ್ಟದ್ದಕ್ಕೂ ಬಿಗಿಯಾದದ್ದಕ್ಕೂ ಸಂಬಂಧ ಅಷ್ಟಕ್ಕಷ್ಟೇ.

ಹಾಗಾಗಿ ಒಂದೇ ರೆಂಚ್, ಒಂದೇ ಕೈ, ಒಂದೇ ಸೆಟ್ಟಿಂಗ್ ಇದ್ದರೂ ಬೋಲ್ಟಿಂದ ಬೋಲ್ಟಿಗೆ ಎಳೆತ ಶೇ. 25ರಿಂದ 35ರಷ್ಟು ಅತ್ತಿತ್ತ ಆಗಬಹುದು. ರೆಂಚ್ ಕೆಟ್ಟದ್ದು ಅಂತಲ್ಲ. ಐಎಸ್‌ಒ 6789ರ ಪ್ರಕಾರ ಒಳ್ಳೆಯ ಕ್ಲಿಕ್ ರೆಂಚ್ ಶೇ. 4ರೊಳಗೇ ಇರಬೇಕು. ತಪ್ಪು ಬರುವುದು ಉಜ್ಜಾಟದಿಂದ. ಉಜ್ಜಾಟ ನಿಮ್ಮ ಆಯಿಲ್ ಮೇಲೆ, ಥ್ರೆಡ್‌ನಲ್ಲಿರುವ ಕಸದ ಮೇಲೆ, ಬೋಲ್ಟ್ ಎಷ್ಟು ಸಲ ಬಿಗಿದು ಬಿಚ್ಚಿದ್ದು ಅನ್ನುವುದರ ಮೇಲೆ ನಿಂತಿದೆ.

ಜನ ಎಡವುವುದು ಲೂಬ್ರಿಕೆಂಟ್ ವಿಷಯದಲ್ಲೇ ಜಾಸ್ತಿ. ಇಂಜಿನ್ ಆಯಿಲ್ ಹಾಕಿ ಬಿಗಿಯಲು ಕೊಟ್ಟ ಸಂಖ್ಯೆಯನ್ನು ಮಾಲಿ ಪೇಸ್ಟ್ (ಮಾಲಿಬ್ಡಿನಮ್ ಬೆರೆಸಿದ ಜಾರು ಪೇಸ್ಟ್) ಹಚ್ಚಿದ ಬೋಲ್ಟಿಗೆ ಬಳಸಿದರೆ ಏನಾಗುತ್ತದೆ ನೋಡಿ. ಜಾರಿಕೆ ಹೆಚ್ಚಾಗಿ ಒಟ್ಟು ತಡೆ ಕಾಲುಭಾಗ ಇಳಿದರೆ, ಅದೇ ಟಾರ್ಕ್‌ಗೆ ಎಳೆತ ಮೂರನೇ ಒಂದು ಭಾಗ ಏರುತ್ತದೆ. ಬೋಲ್ಟನ್ನು ಅದರ ಯೀಲ್ಡ್‌ನ, ಅಂದರೆ ಮತ್ತೆ ಮೊದಲಿನ ಉದ್ದಕ್ಕೆ ಬರಲಾರದ ಹಂತದ, ಶೇ. 75ರಷ್ಟಕ್ಕೆ ಬಿಗಿಯಬೇಕು ಅಂದುಕೊಂಡಿದ್ದವರು ಸೀದಾ ಶೇ. 100ಕ್ಕೆ ಹೋಗಿ ನಿಂತಿರುತ್ತಾರೆ. ರೆಂಚ್ ಮಾತ್ರ ಪಾಪ, ಸರಿಯಾಗಿಯೇ ಕ್ಲಿಕ್ ಅಂದಿರುತ್ತದೆ. ಉಲ್ಟಾ ಮಾಡಿದರೂ ಕಷ್ಟವೇ. ಪೇಸ್ಟಿಗೆ ಕೊಟ್ಟ ಸಂಖ್ಯೆಯನ್ನು ಆಯಿಲ್‌ಗೆ ಬಳಸಿದರೆ ಹಿಡಿತ ಕಡಿಮೆಯಾಗುತ್ತದೆ. ಸಂಖ್ಯೆ ಮತ್ತು ಲೂಬ್ರಿಕೆಂಟ್ ಜೋಡಿಯಾಗಿಯೇ ಬರುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಡಿ. ಹಚ್ಚುವಾಗ ಥ್ರೆಡ್‌ಗೆ ಮಾತ್ರ ಹಚ್ಚಿ ಸುಮ್ನಾಗಬೇಡಿ, ತಲೆಯ ಕೆಳಗೂ ಹಚ್ಚಿ. ಅರ್ಧ ಟಾರ್ಕ್ ನುಂಗುವುದು ಅಲ್ಲೇ ಅಲ್ವಾ?

ಆಯಿಲ್ ಹಾಕಿ ಹೊಸ ಬೋಲ್ಟ್ ಬಿಗಿಯುವುದಾದರೆ ಮೊದಲ ಸಲದ ಬಿಗಿತವನ್ನು ನಂಬಬೇಡಿ. ಹೊಸ ಮೇಲ್ಮೈ ಒರಟಾಗಿರುತ್ತದೆ. ನಾಲ್ಕೈದು ಸಲ ಬಿಗಿದು ಬಿಚ್ಚಿದ ಮೇಲೆ ನಯವಾಗಿ, ಅದೇ ಟಾರ್ಕ್‌ಗೆ ಎಳೆತ ಏರುತ್ತಾ ಹೋಗುತ್ತದೆ. ರಾಡ್ ಬೋಲ್ಟ್ ತಯಾರಿಸುವ ಎಆರ್‌ಪಿಯಂಥ ಕಂಪನಿಗಳು ಬೋಲ್ಟಿನ ಜೊತೆಗೇ ತಮ್ಮದೇ ಪೇಸ್ಟ್ ಕೊಡುವುದು ಈ ಏರಿಳಿತ ತಪ್ಪಿಸಲಿಕ್ಕೆ.

ರೆಂಚ್ ಬಳಸುವ ಕೈಗೂ ಒಂದೆರಡು ಮಾತು. ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಕ್ಲಿಕ್ ಅಂದಮೇಲೆ 'ಇನ್ನೊಂದ್ಸಲ' ಅಂತ ಎಳೆಯಬೇಡಿ. ಮಧ್ಯದಲ್ಲಿ ನಿಂತುಹೋಗಿ, ಗುರಿಗೆ ಸ್ವಲ್ಪವೇ ಬಾಕಿ ಇದ್ದರೆ ಅಲ್ಲಿಂದ ಮುಂದುವರಿಸಬೇಡಿ. ನಿಂತ ಬೋಲ್ಟ್ ಮತ್ತೆ ಹೊರಡಲು ಹೆಚ್ಚು ಬಲ ಕೇಳುತ್ತದೆ, ಅದು ತಿರುಗುವ ಮೊದಲೇ ರೆಂಚ್ ಕ್ಲಿಕ್ ಅನ್ನುತ್ತದೆ. ಸಡಿಲಿಸಿ, ಮತ್ತೆ ಶುರು ಮಾಡಿ. 'ಬಿಗಿಯಾಗಿದೆಯಾ ನೋಡೋಣ' ಅಂತ ಮಾರನೇ ದಿನ ರೆಂಚ್ ಹಾಕಿ ಪರೀಕ್ಷಿಸುವುದೂ ಇದೇ ಕಾರಣಕ್ಕೆ ಉಪಯೋಗವಿಲ್ಲದ ಕೆಲಸ.

ಇನ್ನು ಯೂನಿಟ್. 45 ಅನ್ನುವ ಅಂಕಿ ಫುಟ್ ಪೌಂಡ್‌ನಲ್ಲಿದ್ದರೆ ಅದು 61 ನ್ಯೂಟನ್ ಮೀಟರ್. ರೆಂಚಿನ ಮೇಲೆ ಎರಡೂ ಸ್ಕೇಲ್ ಇರುತ್ತದೆ, ಕಣ್ಣು ತಪ್ಪುವುದು ಸುಲಭ. ಬಿಗಿಯುವ ಮೊದಲು ಯಾವ ಸ್ಕೇಲ್ ಅಂತ ಜೋರಾಗಿ ಓದಿಕೊಳ್ಳಿ, ನಾಚಿಕೆಪಡುವಂಥದ್ದೇನಿಲ್ಲ.

ಆ್ಯಂಗಲ್: ಕಂಪನಿ ಇಂಜಿನ್‌ಗಳು ಇದನ್ನೇ ಯಾಕೆ ನೆಚ್ಚಿಕೊಂಡಿವೆ

ಥ್ರೆಡ್ ಅನ್ನುವುದು ಸುತ್ತಿಟ್ಟ ಇಳಿಜಾರು. ಒಂದು ಸುತ್ತು ತಿರುಗಿಸಿದರೆ ಬೋಲ್ಟ್ ಒಂದು ಪಿಚ್‌ನಷ್ಟು, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರದಷ್ಟು, ಮುಂದೆ ಹೋಗಲೇಬೇಕು, ಆಯಿಲ್ ಇರಲಿ ಬಿಡಲಿ. 1 ಮಿ.ಮೀ. ಪಿಚ್ ಇರುವ ಬೋಲ್ಟನ್ನು 60 ಡಿಗ್ರಿ ತಿರುಗಿಸಿದರೆ ಅದು ಸುಮಾರು 0.167 ಮಿ.ಮೀ. ಮುಂದೆ ಹೋಗುತ್ತದೆ. ಕ್ಯಾಪ್ ಆಗಲೇ ರಾಡ್‌ಗೆ ಅಂಟಿ ಕೂತಿರುವುದರಿಂದ ಆ ದೂರವೆಲ್ಲ ಎರಡು ಕಡೆ ಹಂಚಿಹೋಗುತ್ತದೆ: ಬೋಲ್ಟ್ ಹಿಗ್ಗುತ್ತದೆ, ಕ್ಯಾಪ್ ಮತ್ತು ರಾಡ್ ಸ್ವಲ್ಪ ಅಮುಕಿಕೊಳ್ಳುತ್ತವೆ. ಉಜ್ಜಾಟಕ್ಕೆ ಇಲ್ಲಿ ಮಾತಿಲ್ಲ. ಅದು ತಲೆ ಹಾಕುವುದು ಮೊದಲು ಕೊಡುವ ಚಿಕ್ಕ ಟಾರ್ಕ್‌ನಲ್ಲಿ ಮಾತ್ರ. ಆದ್ದರಿಂದ ಎಳೆತದ ಏರುಪೇರು ಶೇ. 15ರ ಆಸುಪಾಸಿಗೆ ಇಳಿಯುತ್ತದೆ. ಟಾರ್ಕ್‌ಗೆ ಹೋಲಿಸಿದರೆ ಅರ್ಧ.

ಆದರೆ ಆ ಚಿಕ್ಕ ಟಾರ್ಕ್‌ನಲ್ಲಿ ಉದಾಸೀನ ಮಾಡುವಂತಿಲ್ಲ. ಅದು ಕ್ಯಾಪನ್ನು ಪೂರ್ತಿ ಕೂರಿಸುವ ಹಂತ. ಕ್ಯಾಪ್ ಒಂದು ಬದಿ ಎದ್ದು ನಿಂತಿದ್ದರೆ, ಡಿಗ್ರಿಗಳೆಲ್ಲ ಅದನ್ನು ಕೂರಿಸುವುದರಲ್ಲೇ ಖರ್ಚಾಗಿಬಿಡುತ್ತವೆ. ಎರಡೂ ಬೋಲ್ಟ್‌ಗಳನ್ನು ಒಂದಾದಮೇಲೊಂದು ಹಂತಹಂತವಾಗಿ ಬಿಗಿಯುವುದು ಅದಕ್ಕೇ.

ಕಣ್ಣಳತೆಯಲ್ಲಿ 90 ಡಿಗ್ರಿ ಹೇಗೋ ಆದೀತು, 60 ಡಿಗ್ರಿ ಆಗುವುದಿಲ್ಲ. ಆ್ಯಂಗಲ್ ಗೇಜ್ ಇಲ್ಲದಿದ್ದರೆ ಸಾಕೆಟ್ಟಿನ ಮೇಲೂ ಕ್ಯಾಪ್ ಮೇಲೂ ಪೇಂಟ್ ಗುರುತು ಹಾಕಿ. ಬೋಲ್ಟಿನ ತಲೆಗೆ ಆರು ಮೂಲೆ ಇದ್ದರೆ ಒಂದು ಮೂಲೆಯಿಂದ ಮುಂದಿನ ಮೂಲೆಗೆ ಸರಿಯಾಗಿ 60 ಡಿಗ್ರಿ, ಹನ್ನೆರಡಿದ್ದರೆ 30. ಉದ್ದದ ತೆಳು ಎಕ್ಸ್‌ಟೆನ್ಶನ್ ಹಾಕಬೇಡಿ. ಅದು ತಿರುಚಿಕೊಳ್ಳುತ್ತದೆ, ನಿಮ್ಮ ಕೈ ತಿರುಗಿದಷ್ಟು ಬೋಲ್ಟ್ ತಿರುಗಿರುವುದಿಲ್ಲ.

ಈಗಿನ ಬಹಳಷ್ಟು ಕಂಪನಿ ಇಂಜಿನ್‌ಗಳಲ್ಲಿ ಬೋಲ್ಟನ್ನು ಬೇಕೆಂದೇ ಯೀಲ್ಡ್ ತನಕ, ಸ್ವಲ್ಪ ಅದರಾಚೆಗೂ ಎಳೆಯುತ್ತಾರೆ. ಅಲ್ಲಿ ಡಿಗ್ರಿ ಸ್ವಲ್ಪ ಹೆಚ್ಚುಕಡಿಮೆ ಆದರೂ ಎಳೆತ ಅಷ್ಟಾಗಿ ಬದಲಾಗುವುದಿಲ್ಲ. ಸಾವಿರಾರು ಇಂಜಿನ್ ಜೋಡಿಸುವವರಿಗೆ ಇದು ವರ. ಬಿಚ್ಚಿ ಜೋಡಿಸುವ ನಮಗೆ ಒಂದು ಷರತ್ತು: ಒಮ್ಮೆ ಬಿಗಿದ ಬೋಲ್ಟ್ ಮತ್ತೆ ಬಳಸುವಂತಿಲ್ಲ. ಬೇರಿಂಗ್ ಕ್ಲಿಯರೆನ್ಸ್, ಅಂದರೆ ಆಯಿಲ್ ನಿಲ್ಲಲು ಬಿಡುವ ಸಂದು, ನೋಡಲು ಒಂದು ಸಲ ಬಿಗಿಯಬೇಕಲ್ಲ, ಅದಕ್ಕೆ ಹಳೆಯ ಬೋಲ್ಟ್ ಇಟ್ಟುಕೊಳ್ಳಿ. ಹೊಸದು ಕೊನೆಯ ಜೋಡಣೆಗೆ ಮಾತ್ರ.

ಆ್ಯಂಗಲ್‌ನ ನಿಜವಾದ ಮಿತಿ ಬೇರೆ. ಆ ಡಿಗ್ರಿ ಆ ಬೋಲ್ಟಿಗೆ, ಆ ರಾಡ್‌ಗೆ ಮಾತ್ರ ಸೇರಿದ್ದು. ಬೋಲ್ಟಿನ ಉದ್ದ, ದಪ್ಪ, ಪಿಚ್, ಕ್ಯಾಪ್ ಎಷ್ಟು ಅಮುಕಿಕೊಳ್ಳುತ್ತದೆ, ಇವೆಲ್ಲ ಸೇರಿ ಬಂದ ಸಂಖ್ಯೆ ಅದು. ಕಂಪನಿ ರಾಡ್‌ಗೆ ಹೊರಗಿನ ಗಟ್ಟಿ ಬೋಲ್ಟ್ ಹಾಕಿ, ಮ್ಯಾನುಯಲ್‌ನಲ್ಲಿ ಬರೆದ ಡಿಗ್ರಿಯನ್ನೇ ಕೊಡುವುದು ನಾನು ನೋಡಿದ ತಪ್ಪುಗಳಲ್ಲೆಲ್ಲ ಅಪಾಯದ್ದು. ಬೋಲ್ಟ್ ತಯಾರಿಸಿದವರು ಆ್ಯಂಗಲ್ ಕೊಟ್ಟಿಲ್ಲ ಅಂದರೆ ಆ್ಯಂಗಲ್ ಬಳಸಬೇಡಿ.

ಹಿಗ್ಗು ಅಳೆಯುವುದು

ನನ್ನ ಆಯ್ಕೆ ಇದೇ, ಮುಚ್ಚುಮರೆ ಏನಿಲ್ಲ. ಬೋಲ್ಟ್ ಉಕ್ಕಿನದ್ದು. ಯೀಲ್ಡ್‌ಗಿಂತ ಕೆಳಗೆ ಎಷ್ಟು ಎಳೆದರೆ ಅಷ್ಟಕ್ಕೆ ತಕ್ಕಂತೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ. ಹಿಗ್ಗು ಗೊತ್ತಾದರೆ ಎಳೆತ ಗೊತ್ತಾದಂತೆ. ಶೇ. 5ರ ಆಸುಪಾಸಿಗೆ ಬರಬಹುದು.

ಲೆಕ್ಕ ಹಾಕಿ ನೋಡೋಣ. ಹಿಗ್ಗುವ ಭಾಗ 40 ಮಿ.ಮೀ. ಉದ್ದ, 8 ಮಿ.ಮೀ. ದಪ್ಪ ಇರುವ ಬೋಲ್ಟ್ ಅಂದುಕೊಳ್ಳಿ. ಅದರಲ್ಲಿ 40 ಕಿಲೋನ್ಯೂಟನ್, ಅಂದರೆ ನಾಲ್ಕು ಟನ್ ಭಾರ ತೂಗಿಬಿಟ್ಟಷ್ಟು ಎಳೆತ ಬೇಕು. ಆಗ ಅದು ಹಿಗ್ಗುವುದು ಸುಮಾರು 0.155 ಮಿ.ಮೀ. ಇಂಚಿನ ಲೆಕ್ಕದಲ್ಲಿ ಸಾವಿರದ ಆರು ಭಾಗ. ಪರ್ಫಾರ್ಮೆನ್ಸ್ ರಾಡ್ ಬೋಲ್ಟ್‌ಗಳ ಚೀಟಿಯಲ್ಲಿ ಕಾಣುವ ಸಂಖ್ಯೆಗಳೂ ಹೆಚ್ಚುಕಡಿಮೆ ಇದೇ ಸುತ್ತಮುತ್ತ. ಇಷ್ಟು ಚಿಕ್ಕದನ್ನು ಅಳೆಯಬೇಕಾದರೆ 0.01 ಮಿ.ಮೀ. ತಪ್ಪು ಅಂದರೂ ಹದಿನೈದರಲ್ಲಿ ಒಂದು ಪಾಲು ಹೋಯಿತು.

ಗೇಜ್ ನೋಡಲು ಸರಳ. ಸಿ ಆಕಾರದ ಚೌಕಟ್ಟು, ಒಂದು ಕಡೆ ಡಯಲ್, ಎರಡೂ ತುದಿಯಲ್ಲಿ ಸಣ್ಣ ಗುಂಡು. ಬೋಲ್ಟಿನ ತಲೆಯಲ್ಲೂ ತುದಿಯಲ್ಲೂ ಇರುವ ಚಿಕ್ಕ ಕುಳಿಗಳಲ್ಲಿ ಗುಂಡುಗಳು ಕೂರುತ್ತವೆ. ಮೊದಲು ಆ ಕುಳಿಗಳನ್ನು ಚೆನ್ನಾಗಿ ಒರೆಸಿ, ಒಂದು ಎಳೆ ಬಟ್ಟೆ ಉಳಿದರೂ ಅಳತೆ ಹಾಳು. ಬೋಲ್ಟ್ ಇನ್ನೂ ಬಿಗಿಯದೇ ಇರುವಾಗ ಗೇಜ್ ಇಟ್ಟು ಸೊನ್ನೆ ಮಾಡಿ. ತೆಗೆದು ಮತ್ತೆ ಇಡಿ. ಮುಳ್ಳು ಸೊನ್ನೆಗೇ ಬರುತ್ತಾ? ಬರದಿದ್ದರೆ ಮುಂದೆ ಹೋಗಬೇಡಿ, ನಿಮ್ಮ ಕೈ ಪಳಗುವ ತನಕ ಇದನ್ನೇ ಮಾಡಿ. ಆಮೇಲೆ ಲೂಬ್ರಿಕೆಂಟ್ ಹಚ್ಚಿ, ತಯಾರಕರು ಹೇಳಿದ ಟಾರ್ಕ್‌ನ ಮುಕ್ಕಾಲು ಭಾಗದ ತನಕ ಬಿಗಿದು ಓದಿ. ಅಲ್ಲಿಂದ ಸ್ವಲ್ಪ ಸ್ವಲ್ಪವೇ. ಗುರಿಯ ಹತ್ತಿರ ಮುಳ್ಳು ಬಹಳ ಬೇಗ ಓಡುತ್ತದೆ.

ಉಷ್ಣತೆಯನ್ನೂ ಮರೆಯಬೇಡಿ. 50 ಮಿ.ಮೀ. ಉದ್ದದ ಉಕ್ಕಿನ ಬೋಲ್ಟ್ 10 ಡಿಗ್ರಿ ಬಿಸಿಯಾದರೆ ತಾನಾಗಿ 0.006 ಮಿ.ಮೀ. ಬೆಳೆಯುತ್ತದೆ. ಅಂಗೈಯಲ್ಲಿ ಹಿಡಿದುಕೊಂಡೇ ಸೊನ್ನೆ ಮಾಡಿದರೆ ಅಷ್ಟು ತಪ್ಪು ಆಗಲೇ ಒಳಗೆ ಬಂದಾಯಿತು. ಬೋಲ್ಟ್, ರಾಡ್, ಗೇಜ್ ಮೂರೂ ಒಂದೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಇರಲಿ.

ಹಿಗ್ಗು ನೋಡುವಾಗ ಟಾರ್ಕನ್ನೂ ಪಕ್ಕದಲ್ಲಿ ಬರೆದುಕೊಳ್ಳುತ್ತಾ ಹೋಗಿ. ಎರಡೂ ಸೇರಿದರೆ ಕಥೆ ಪೂರ್ತಿ ಸಿಗುತ್ತದೆ. ಉಳಿದೆಲ್ಲ ಬೋಲ್ಟ್‌ಗಳು ಒಂದು ಟಾರ್ಕ್‌ಗೆ ಗುರಿ ಮುಟ್ಟುತ್ತಿದ್ದು, ಒಂದು ಮಾತ್ರ ತುಂಬಾ ಜಾಸ್ತಿ ಕೇಳುತ್ತಿದ್ದರೆ ಅದರ ಥ್ರೆಡ್‌ನಲ್ಲಿ ಕಸವೋ ಗಾಯವೋ ಇದೆ. ಬಿಚ್ಚಿ ನೋಡಿ. ಟಾರ್ಕ್ ಏರದೆ ಹಿಗ್ಗು ಮಾತ್ರ ಏರುತ್ತಿದ್ದರೆ ಬೋಲ್ಟ್ ಯೀಲ್ಡ್ ದಾಟುತ್ತಿದೆ. ಅದನ್ನು ಮುಲಾಜಿಲ್ಲದೆ ಎಸೆಯಿರಿ. ಟಾರ್ಕ್ ರೆಂಚ್ ಒಂದನ್ನೇ ನಂಬಿದ್ದರೆ ಈ ಮೊದಲನೆಯ ಬೋಲ್ಟ್ ಕ್ಲಿಕ್ ಅಂದು ಸಡಿಲವಾಗಿಯೇ ಇಂಜಿನ್ ಒಳಗೆ ಹೋಗಿರುತ್ತಿತ್ತು.

ಹಿಗ್ಗಿನ ದಾರಿಗೆ ಅಡ್ಡಿಯೂ ಇದೆ. ಬೋಲ್ಟ್ ರಾಡ್ ಒಳಗೆ ಮುಚ್ಚಿದ ತೂತಿನಲ್ಲಿ ಕೂರುವಂತಿದ್ದರೆ ತುದಿ ಕೈಗೆ ಸಿಗುವುದಿಲ್ಲ, ಗೇಜ್ ಇಡುವ ಮಾತೇ ಇಲ್ಲ. ಇಂಜಿನ್ ಒಳಗೆ ರಾಡ್ ಕೂರಿಸಿದ ಮೇಲೂ ಕ್ರ್ಯಾಂಕ್‌ನ ಕೌಂಟರ್‌ವೇಟ್ ಮತ್ತು ಬ್ಲಾಕ್ ಗೋಡೆ ಗೇಜ್‌ಗೆ ಜಾಗ ಬಿಡದೇ ಇರಬಹುದು.

ಗಟ್ಟಿ ಬೋಲ್ಟ್ ಹಾಕಿದರೆ

ಒಂದು ತಪ್ಪು ತಿಳಿವಳಿಕೆ ಇಲ್ಲಿ ಬಿಡಿಸಬೇಕು. ಗಟ್ಟಿ ಬೋಲ್ಟ್ ಕಡಿಮೆ ಹಿಗ್ಗುತ್ತದೆ ಅಂತ ಎಷ್ಟೋ ಜನ ಹೇಳುತ್ತಾರೆ. ಒಂದೇ ಅಳತೆಯ ಎರಡು ಉಕ್ಕಿನ ಬೋಲ್ಟ್‌ಗಳು ಅದೇ ಎಳೆತಕ್ಕೆ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತವೆ. ಗಟ್ಟಿಯದು ಯೀಲ್ಡ್ ಆಗುವ ಮೊದಲು ಇನ್ನೂ ಹೆಚ್ಚು ಹಿಗ್ಗಬಲ್ಲದು, ಅಷ್ಟೇ. ಎಆರ್‌ಪಿಯ 8740 ಕ್ರೋಮ್ ಮಾಲಿ ಉಕ್ಕಿನ ಬೋಲ್ಟ್ ಸುಮಾರು 1,80,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಳೆತ) ತಡೆದರೆ, ಎಆರ್‌ಪಿ 2000 ಅನ್ನುವುದು 2,20,000, ಎಲ್19 ಅನ್ನುವುದು 2,60,000. ಗಟ್ಟಿ ಬೋಲ್ಟ್ ತಂದು ಹಳೆಯ ಸಂಖ್ಯೆಗೆ ಬಿಗಿದರೆ ದುಡ್ಡು ಕೊಟ್ಟ ಹಿಡಿತ ಪೂರ್ತಿ ಸಿಗಲೇ ಇಲ್ಲ. ಎಲ್19 ತೇವಕ್ಕೆ ಬೇಗ ಸೋಲುತ್ತದೆ, ಬರಿಗೈಯ ಬೆವರೂ ಅದಕ್ಕೆ ಆಗಿಬರುವುದಿಲ್ಲ. ಗ್ಲೌಸ್ ಹಾಕಿ ಮುಟ್ಟಿ, ಮೈಮೇಲೆ ಆಯಿಲ್ ಇರಲಿ. ಬೀದಿಯಲ್ಲಿ ಓಡುವ ಗಾಡಿಗೆ ಅದನ್ನು ನಾನಂತೂ ಹಾಕುವುದಿಲ್ಲ.

ಯಾವ ಬೋಲ್ಟ್ ಹಾಕಿದರೂ ಬಿಗ್ ಎಂಡ್ ತೂತಿನ, ಅಂದರೆ ಕ್ಯಾಪ್ ಇರುವ ಕಡೆಯ ದೊಡ್ಡ ತೂತಿನ, ಗುಂಡಗಿನ ಆಕಾರ ಹಿಡಿತದ ಜೊತೆ ಬದಲಾಗುತ್ತದೆ. ಬೋಲ್ಟ್ ಬದಲಾಯಿಸಿದಿರಾ, ಹಿಡಿತ ಹೆಚ್ಚಿಸಿದಿರಾ, ಹಾಗಾದರೆ ತೂತನ್ನು ಮತ್ತೆ ಅಳೆಯಿರಿ. ಅಳೆಯುವಾಗ ಕೊನೆಗೆ ಹೇಗೆ ಬಿಗಿಯುತ್ತೀರೋ ಹಾಗೆಯೇ ಬಿಗಿದಿರಬೇಕು. ಮಷಿನ್ ಶಾಪ್‌ಗೆ ರಾಡ್ ಕೊಡುವಾಗ ಬೋಲ್ಟ್, ಪೇಸ್ಟ್, ಹಿಗ್ಗಿನ ಗುರಿ ಮೂರನ್ನೂ ಜೊತೆಗೆ ಕೊಡಿ. 50 ಮಿ.ಮೀ. ಜರ್ನಲ್‌ಗೆ, ಅಂದರೆ ರಾಡ್ ಕೂರುವ ಕ್ರ್ಯಾಂಕ್‌ನ ಗುಂಡು ಭಾಗಕ್ಕೆ, ಬೇರಿಂಗ್ ಕ್ಲಿಯರೆನ್ಸ್ ಸುಮಾರು 0.05 ಮಿ.ಮೀ. ಇಡುವ ರೂಢಿ. ತೂತು 0.02 ಮಿ.ಮೀ. ಮೊಟ್ಟೆಯಾಗಿದ್ದರೂ ಆಯಿಲ್‌ಗೆ ಉಳಿಯುವ ಜಾಗ ಎಷ್ಟು ಅಂತ ನೀವೇ ನೋಡಿ.

ಹಾಗಾದರೆ ನಿಮಗೆ ಯಾವುದು?

ಕಂಪನಿ ರಾಡ್, ಕಂಪನಿ ಬೋಲ್ಟ್, ಕಂಪನಿ ಹೇಳಿದ ಆರ್‌ಪಿಎಂ ಒಳಗೇ ಇರುತ್ತೀರಾ? ಹೊಸ ಬೋಲ್ಟ್ ತಂದು ಮ್ಯಾನುಯಲ್ ಹೇಳಿದ ಟಾರ್ಕ್, ಆ್ಯಂಗಲ್ ಕೊಡಿ. ಅದರ ಮೇಲೆ ಜಾಣತನ ಬೇಡ.

ಹೊರಗಿನ ಬೋಲ್ಟ್, ಎರಡೂ ತುದಿ ಕೈಗೆ ಸಿಗುತ್ತದೆ, ಆರ್‌ಪಿಎಂ ಏರಿಸುತ್ತಿದ್ದೀರಿ ಅಂದರೆ ಹಿಗ್ಗು ಅಳೆಯಿರಿ. ಪಿಸ್ಟನ್, ಟರ್ಬೊಗಳಿಗೆ ಇಷ್ಟು ಖರ್ಚು ಮಾಡಿ ಗೇಜ್‌ನಲ್ಲಿ ಉಳಿಸಲು ಹೋಗುವುದು ಲೆಕ್ಕಕ್ಕೆ ಬರುವುದಿಲ್ಲ.

ಹೊರಗಿನ ಬೋಲ್ಟ್ ಆದರೆ ಮುಚ್ಚಿದ ತೂತು ಅಂದರೆ, ತಯಾರಕರ ಪೇಸ್ಟ್ ಹಚ್ಚಿ ತಯಾರಕರ ಟಾರ್ಕ್ ಕೊಡಿ. ಆ್ಯಂಗಲ್ ಕೊಟ್ಟಿದ್ದರೆ ಆ್ಯಂಗಲ್ ಇನ್ನೂ ಒಳ್ಳೆಯದು. ತೂತಿನ ತಳದಲ್ಲಿ ಆಯಿಲ್ ತುಂಬಿಕೊಳ್ಳದಂತೆ ನೋಡಿಕೊಳ್ಳಿ. ಬೋಲ್ಟ್ ಅದನ್ನು ಒತ್ತಿಕೊಂಡು ನಿಂತರೆ ಟಾರ್ಕ್ ಸುಳ್ಳು ಹೇಳುತ್ತದೆ.

ಗೇಜ್ ಇದೆ, ಇಂಜಿನ್ ಒಳಗೆ ಜಾಗ ಇಲ್ಲ ಅನ್ನುವ ಪೇಚಿಗೆ ಒಂದು ದಾರಿ ಇದೆ. ರಾಡನ್ನು ಹೊರಗೆ, ಮೃದು ಹಿಡಿಕೆಯ ರಾಡ್ ವೈಸ್‌ನಲ್ಲಿ ಕೂರಿಸಿ, ಒಂದೊಂದು ಬೋಲ್ಟನ್ನೂ ಗೇಜ್ ಇಟ್ಟು ಗುರಿ ಹಿಗ್ಗಿಗೆ ತನ್ನಿ. ಅದು ಕೇಳಿದ ಟಾರ್ಕ್ ಬರೆದಿಡಿ. ಬಿಚ್ಚಿ, ಮತ್ತೆ ಮಾಡಿ. ಟಾರ್ಕ್ ಒಂದೇ ಸಮ ಬರತೊಡಗಿದ ಮೇಲೆ ಆ ಬೋಲ್ಟಿಗೆ ಆ ಸಂಖ್ಯೆ ಖಾಯಂ. ಇಂಜಿನ್ ಒಳಗೆ ಅದೇ ಬೋಲ್ಟ್, ಅದೇ ತೂತು, ಅದೇ ಪೇಸ್ಟ್, ಅದೇ ರೆಂಚ್. ಇದು ಯೀಲ್ಡ್ ತನಕ ಎಳೆಯುವ ಬೋಲ್ಟ್‌ಗಳಿಗೆ ಮಾತ್ರ ಆಗುವುದಿಲ್ಲ.

ಇದಕ್ಕೆಲ್ಲ ಒಂದು ಹಾಳೆ ಬೇಕು. ಸಿಲಿಂಡರ್ ನಂಬರ್, ಬೋಲ್ಟ್ ಎಡವೋ ಬಲವೋ, ಬಿಗಿಯುವ ಮೊದಲ ಉದ್ದ, ಕೊನೆಯ ಹಿಗ್ಗು, ಕೇಳಿದ ಟಾರ್ಕ್. ಮುಂದೆ ಇಂಜಿನ್ ಬಿಚ್ಚಿದಾಗ ಬೋಲ್ಟ್ ತಣ್ಣಗಾದ ಮೇಲೆ ಮತ್ತೆ ಉದ್ದ ಅಳೆಯಿರಿ. ಮೊದಲಿಗಿಂತ 0.025 ಮಿ.ಮೀ., ಇಂಚಿನ ಸಾವಿರದ ಒಂದು ಭಾಗ, ಉದ್ದ ಉಳಿದಿದ್ದರೆ ಅದು ಬೋಲ್ಟಾಗಿ ಮುಗಿಯಿತು. ಎಷ್ಟೇ ಹೊಸದಾಗಿ ಕಂಡರೂ ಹಾಕಬೇಡಿ. ಒಂದೇ ರಾಡ್‌ನ ಬೋಲ್ಟ್ ಮಾತ್ರ ಹೀಗಾಗಿದ್ದರೆ ಆ ರಾಡ್‌ನ ಬೇರಿಂಗ್ ಮತ್ತು ಬಿಗ್ ಎಂಡ್ ತೂತನ್ನೂ ಅಳೆಯದೆ ಮುಂದೆ ಹೋಗಬೇಡಿ. ಎಲ್ಲ ಬೋಲ್ಟ್‌ಗಳೂ ಸಮನಾಗಿ ಉದ್ದವಾಗಿದ್ದರೆ ಬಿಗಿದದ್ದೇ ಜಾಸ್ತಿಯಾಗಿತ್ತು, ಇಲ್ಲ ಇಂಜಿನ್ ಮಿತಿ ಮೀರಿ ತಿರುಗಿದೆ. ಹಳೆಯ ಹಾಳೆ ಇಲ್ಲದ ಇಂಜಿನ್ ಕೈಗೆ ಬಂದರೆ ಬೋಲ್ಟ್ ಅಳೆದು ಪ್ರಯೋಜನವಿಲ್ಲ, ಹೋಲಿಸಲು ಏನೂ ಇಲ್ಲವಲ್ಲ. ಪೂರ್ತಿ ಸೆಟ್ ಹೊಸದು ಹಾಕಿ, ಹಾಳೆಯನ್ನು ಆವತ್ತೇ ಶುರು ಮಾಡಿ.